ಬಾಕಿ ಉಳಿದ ಟಕ್

ಫೆಬ್ರವರಿ ೪

ಪೀಪಿಗೆ,

ಅಜ್ಜನಿಂದ ತಲೆಗೊಂದು ಮೊಟಕು, ಅದರ ಹಿಂದೆಯೇ ಆಶೀರ್ವಾದ.

ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲವಂತೆ. ನಿನ್ನಮ್ಮ ಬೆಳಗಿನಿಂದ ಅದನ್ನೇ ಹಾಡುತ್ತಿದ್ದಾಳೆ, ಅವಳ ಹಾಡು ಕೇಳುವ ಕಷ್ಟ ನಿನಗೂ ಗೊತ್ತು. ಇನ್ನು ಮೇಲೆ ಕಾಗದ ಬರಿ. ಈ ಫೋನಿನಲ್ಲಿ ಎಲ್ಲರೂ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳಿಸುತ್ತದೆ. ಈಗಿನ ಜನ ಮಾತನ್ನೂ ಬಾಯೊಳಗೇ ಇಟ್ಟುಕೊಳ್ಳುತ್ತಾರೆ. ಪಕ್ಕದ ಅಂಗಡಿಯ ಗಡಿಯಾರದವನೂ ಇತ್ತೀಚೆಗೆ ಗೊಣಗುವುದನ್ನು ಕಲಿತಿದ್ದಾನೆ. "ಬಾಯಿ ಬಿಟ್ಟು ಮಾತಾಡಪ್ಪಾ" ಎಂದರೆ "ಬಿಟ್ಟೇ ಮಾತಾಡ್ತಿದೀನಿ ಕಣಯ್ಯಾ" ಎಂದು ನನ್ನ ಮೇಲೇ ರೇಗುತ್ತಾನೆ.

ಈಗ ಮುಖ್ಯ ವಿಷಯ. ನಿನ್ನ ಹಾರ್ಮೋನಿಯಂ ಮುಗಿಯಿತು. ಚಳಿಗಾಲವಿಡೀ ಅದೊಂದೇ ಕೆಲಸ. ತಿದಿಗೆ ಹೊಸ ಚರ್ಮ, ಒತ್ತುವ ಮನೆಗಳಿಗೆ ಹೊಸ ಸ್ಪ್ರಿಂಗು. ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ತೆಗೆದು, ಸಣ್ಣ ಅರದಿಂದ ಉಜ್ಜಿ, ಊದಿ, ಕೇಳಿ, ಮತ್ತೆ ಉಜ್ಜಿ ಕೂರಿಸಿದ್ದೇನೆ. ಮೇಲಿನ ಸ್ವರದ ಮನೆಗಳು ಮಾತ್ರ ಸತಾಯಿಸಿದವು. ಶ್ರುತಿ ಎಷ್ಟು ಏರಿಸಿದರೂ ಇನ್ನೂ ಇಳಿದೇ ಇವೆ ಅನ್ನಿಸುತ್ತಿತ್ತು. ನಾನು ಬಿಡುವ ಆಸಾಮಿಯೇ? ದಾರಿಗೆ ತಂದೆ. ನಾಳೆಯ ಲಾರಿಯಲ್ಲಿ ಬರುತ್ತದೆ, ಇಳಿಸುವವರ ಹತ್ತಿರ ನಿಂತು ಇಳಿಸಿಕೋ.

ಏಪ್ರಿಲ್‌ನ ನಿನ್ನ ಮೊದಲ ಕಛೇರಿಯಲ್ಲಿ ಅದನ್ನೇ ನುಡಿಸಬೇಕು. ಕೊನೆಗೆ ನಮ್ಮ ಮೆಟ್ಟಿಲ ಹಾಡನ್ನು ಹಾಡಬೇಕು. ಅಂಗಡಿಯಿಂದ ಮನೆಗೆ ಹತ್ತುವ ಒಂದೊಂದು ಮೆಟ್ಟಿಲಿಗೆ ಒಂದೊಂದು ಸ್ವರ ಇಟ್ಟು ನಿನಗೆ ಹತ್ತುವುದನ್ನು ಕಲಿಸಿದೆ. ಮೇಲಿನ ಮೆಟ್ಟಿಲಿಗೆ ಬಂದಾಗ ನೀನು ಜಾತ್ರೆಯಿಲ್ಲದೆಯೂ ಪೀಪಿ ಊದಿದ ಹಾಗೆ ಕಿರುಚುತ್ತಿದ್ದೆ. ಹೆಸರು ಅಲ್ಲೇ ಅಂಟಿಕೊಂಡಿತು.

ನಮ್ಮ ಕರಾರು ನೆನಪಿದೆ ತಾನೇ? ಇಬ್ಬರಲ್ಲಿ ಯಾರ ಸ್ವರ ಜಾರಿದರೂ ಇನ್ನೊಬ್ಬರು ಬೆರಳ ಗೆಣ್ಣಿನಿಂದ ಒಂದು ಟಕ್. ಬೈಗುಳವಿಲ್ಲ, ಸಮಜಾಯಿಷಿಯಿಲ್ಲ. ಕೇಳಿಯೂ ಟಕ್ ಎನ್ನದವರು ಕಳ್ಳರು. ಹಾಲುಹಲ್ಲು ಉದುರುವ ವಯಸ್ಸಿನಲ್ಲಿ ನೀನು ನಿನ್ನಜ್ಜಿಯ ಎದುರೇ ನನಗೆ ಟಕ್ ಎಂದಿದ್ದೆ. ಅವತ್ತು ನಾನು ಬೀದಿಗೆಲ್ಲಾ ಬನ್ನು ಹಂಚಿದೆ. ಅವಳಿಗೆ ಅದು ಯಾಕೆಂದು ಕೊನೆಯವರೆಗೂ ಅರ್ಥವಾಗಲಿಲ್ಲ.

ನಿನ್ನ ಅಜ್ಜ


ಫೆಬ್ರವರಿ ೧೯

ಪ್ರೀತಿಯ ಅಜ್ಜ,

ಪೆಟ್ಟಿಗೆ ಸುಖವಾಗಿ ತಲುಪಿತು. ಒಂದು ಗೀರೂ ಬಿದ್ದಿಲ್ಲ. ತುಂಬಾ ಚೆನ್ನಾಗಿದೆ. ತಿದಿ ಎಷ್ಟು ಹಗುರ ಗೊತ್ತಾ, ಎರಡು ಬೆರಳಲ್ಲೇ ಆಡಿಸಬಹುದು. ಕೆಳಗಿನ ಮನೆಗಳ ದನಿ ಕೇಳಿ ನನ್ನ ಕೋಣೆಯವಳು ಪರೀಕ್ಷೆಗೆ ಓದುವುದನ್ನು ಬಿಟ್ಟು ಬಂದು ಕೂತಳು. ತುಂಬಾ, ತುಂಬಾ ಚೆನ್ನಾಗಿದೆ.

ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಹಾಡು ಹೇಳಿಕೊಡುವುದು, ಸಂಜೆ ರೆಕಾರ್ಡಿಂಗ್ ಕೋಣೆಯಲ್ಲಿ ಹಿನ್ನೆಲೆಗೆ ನಿಲ್ಲುವುದು ನಡೆದೇ ಇದೆ. ಮೊನ್ನೆ ಒಂದು ಸೋಪಿನ ಜಾಹೀರಾತಿಗೆ ಮಧ್ಯಾಹ್ನವಿಡೀ "ಆಹಾ" ಎಂದು ಹಾಡಿದೆವು. ಇಷ್ಟು ವರ್ಷ ನಿನ್ನ ಹತ್ತಿರ ಬೈಸಿಕೊಂಡು ಕಲಿತದ್ದಕ್ಕೆ ಸಾರ್ಥಕವಾಯಿತು ನೋಡು.

ಲಾರಿಯಲ್ಲಿ ಕುಲುಕಾಡಿ ಬಂದರೆ ರೀಡುಗಳು ಸ್ವಲ್ಪ ಆಚೀಚೆ ಆಗುವುದುಂಟಾ, ಅಜ್ಜ? ಸುಮ್ಮನೆ ಕೇಳಿದೆ.

ನಿನ್ನ ಪೀಪಿ


ಫೆಬ್ರವರಿ ೧೯

ಅಮ್ಮ,

ಈ ಕಾಗದವನ್ನು ಅಜ್ಜನ ಎದುರು ಒಡೆಯಬೇಡ. ಅದಕ್ಕೇ ನಿನ್ನ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ವಿಳಾಸಕ್ಕೆ ಹಾಕಿದ್ದೇನೆ.

ಪೆಟ್ಟಿಗೆಯ ಮೇಲಿನ ಮನೆಗಳೆಲ್ಲಾ ಏರಿವೆ. ನಿನಗೆ ಹೇಗೆ ಹೇಳಲಿ? ಗೋಡೆಗೆ ಹಾಕಿದ ಚಿತ್ರ ಒಂದು ಬದಿಗೆ ವಾಲಿದ್ದರೆ ಕಣ್ಣಿಗೆ ಚುಚ್ಚುತ್ತದಲ್ಲ, ಹಾಗೆ. ಕಛೇರಿಗೆ ಜೊತೆಯಲ್ಲಿ ಪಿಟೀಲು ನುಡಿಸುವ ಅಕ್ಕ ಒಂದೇ ಸಲ ಕೇಳಿ, "ಇದನ್ನ ಯಾರ ಹತ್ರ ಮಾಡಿಸಿದ್ಯೇ?" ಎಂದಳು. ನಾನು ಉತ್ತರ ಕೊಡಲಿಲ್ಲ. ಲಾರಿಯ ಕುಲುಕಾಟಕ್ಕೆ ಇಷ್ಟೆಲ್ಲಾ, ಅದೂ ಮೇಲಿನವು ಮಾತ್ರ, ಒಂದೇ ಕಡೆಗೆ ಏರುವುದಿಲ್ಲ ಅಮ್ಮ. ಅಜ್ಜನೇ ಏರಿಸಿದ್ದು. ಅವನ ಕಿವಿಗೆ ಅವು ಇಳಿದಂತೆ ಕೇಳಿಸಿವೆ.

ಅವನು ಫೋನ್ ಎತ್ತದ್ದು, ಎಲ್ಲರೂ ಗೊಣಗುತ್ತಾರೆ ಅನ್ನುವುದು, ನಿನಗೆ ಏನೂ ಅನ್ನಿಸಲಿಲ್ಲವಾ? ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನನಗಂತೂ ಬಾಯಲ್ಲಿ ಬಿಸಿ ತುಪ್ಪ. ನುಂಗಲಾರೆ, ಉಗುಳಲಾರೆ.

ಪೀಪಿ


ಮಾರ್ಚ್ ೨

ಮಗಳೇ,

ಕರೆದುಕೊಂಡು ಹೋಗು ಅಂತ ಬರೆಯುವುದು ಸುಲಭ. ನಿನ್ನ ಕಾಗದ ಬರುವ ಮೊದಲೇ ನಾನು ಒಮ್ಮೆ ಬಾಯಿ ಬಿಟ್ಟಿದ್ದೆ. "ಅಪ್ಪಾ, ಕಿವಿ ಒಂದ್ಸಲ ತೋರಿಸ್ಕೊಂಡು ಬರೋಣ್ವಾ" ಎಂದೆ. ಕೈಯಲ್ಲಿದ್ದ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟರು. "ಸಂಗೀತ ನನ್ನಿಂದ ಹಾರಿ ನೇರ ಮೊಮ್ಮಗಳ ಮೇಲೆ ಕೂತಿತು, ನಡುವೆ ನಿನ್ನ ತಲೆ ತಗ್ಗಿತ್ತು. ನೀನು ನನ್ನ ಕಿವಿ ಪರೀಕ್ಷೆ ಮಾಡ್ತೀಯಾ?" ಎಂದರು. ತಮಾಷೆಯ ಮಾತೇ. ಆದರೆ ನಗಲಿಲ್ಲ. ಊಟಕ್ಕೂ ಏಳಲಿಲ್ಲ.

ಅವರಿಗೆ ಗೊತ್ತಿಲ್ಲ ಅಂತ ನನಗನ್ನಿಸುವುದಿಲ್ಲ. ಗೊತ್ತಾಗಬಾರದು ಅಂತ ಹಟ ಹಿಡಿದಿದ್ದಾರೆ. ನಿನ್ನಜ್ಜಿ ಹೋದ ಮೇಲೆ ಈ ಮನುಷ್ಯನನ್ನು ಬೆಳಿಗ್ಗೆ ಎಬ್ಬಿಸುತ್ತಿರುವುದು ಅಂಗಡಿಯ ಬೀಗದ ಕೈ ಒಂದೇ. ಕಿವಿ ಹೋಯಿತು ಅಂದರೆ ಅಂಗಡಿ ಹೋಯಿತು. ಕಛೇರಿಗೆ ಹಾಕಿಕೊಳ್ಳಲು ಹಳೆಯ ಕೋಟು ತೆಗೆಸಿ ಗುಂಡಿ ಹೊಲಿಸಿಕೊಂಡಿದ್ದಾರೆ. ದಿನಾ ಹೊರಗೆ ತೆಗೆದು ನೋಡಿ ಒಳಗಿಡುತ್ತಾರೆ.

ಒಂದು ಸಂಜೆಯ ಮಾತು ಪೀಪಿ. ಸುಮ್ಮನಿದ್ದುಬಿಡು. ಆಮೇಲೆ ನಾನೇ ಹೇಗಾದರೂ ಹೇಳುತ್ತೇನೆ.

ಅಮ್ಮ


ಏಪ್ರಿಲ್ ೨೧

ಪೀಪಿಗೆ,

ನಿನ್ನೆ ಊರು ತಲುಪಿದೆವು. ಬಸ್ಸಿನಲ್ಲಿ ನಿನ್ನಮ್ಮ ಕಿಟಕಿಗೆ ತಲೆ ಇಟ್ಟು ಮಲಗಿದ್ದಳು. ನನಗೆ ನಿದ್ದೆ ಎಲ್ಲಿಂದ ಬರಬೇಕು? ದಾರಿಯುದ್ದಕ್ಕೂ ನೀನೇ ಹಾಡುತ್ತಿದ್ದೆ.

ಒಂದು ಸ್ವರ ಜಾರಲಿಲ್ಲ ಕಣೇ. ಒಂದೇ ಒಂದು. ನನ್ನ ಬೆರಳು ಕುರ್ಚಿಯ ಕೈ ಮೇಲೆ ಮಡಚಿಕೊಂಡೇ ಇತ್ತು, ಕೆಲಸ ಸಿಗಲಿಲ್ಲ. ಮೆಟ್ಟಿಲ ಹಾಡಿನಲ್ಲಿ ಮೇಲಿನ ಮೆಟ್ಟಿಲಿಗೆ ಬಂದು ನಿಂತೆಯಲ್ಲ, ಪೆಟ್ಟಿಗೆಯ ದನಿ ಯಾವುದು, ನಿನ್ನ ದನಿ ಯಾವುದು ಗೊತ್ತಾಗಲಿಲ್ಲ. ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಿನ್ನಮ್ಮ ಛೇಡಿಸುತ್ತಾಳೆ. ಹೆತ್ತದ್ದು ಅವಳು, ಮುದ್ದು ನನಗೆ.

ಆ ಪಿಟೀಲಿನವಳು ಯಾಕೆ ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡಿದ್ದಳು? ಮೇಲಿನ ಸ್ವರಗಳಲ್ಲಿ ನಿನ್ನ ಜೊತೆ ಕೂಡಲು ಒದ್ದಾಡುತ್ತಿದ್ದಳು, ಪಾಪ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಜನರೂ ಅಷ್ಟೇ, ಚಪ್ಪಾಳೆಯನ್ನು ಎಣಿಸಿ ಎಣಿಸಿ ತಟ್ಟಿದರು. ಕಿವುಡರ ಊರು ನಿಮ್ಮದು.

ನೀನು ಮಾತ್ರ ಇಳಿದು ಬಂದು ನನ್ನ ಕಾಲ ಹತ್ತಿರ ಕೂತಾಗ ಯಾಕೆ ನನ್ನ ಮುಖ ನೋಡದೆ ಕೋಟಿನ ಗುಂಡಿ ತಿರುವುತ್ತಿದ್ದೆ? ಮೊದಲ ಕಛೇರಿ, ಸುಸ್ತಾಗಿರುತ್ತದೆ. ಚೆನ್ನಾಗಿ ನಿದ್ದೆ ಮಾಡು.

ನಿನ್ನ ಅಜ್ಜ


ಏಪ್ರಿಲ್ ೨೮

ಅಮ್ಮ,

ಅಜ್ಜನ ಕಾಗದ ಬಂತು. ಓದಿ ಮಡಚಿಟ್ಟೆ. ಉತ್ತರ ಇನ್ನೂ ಬರೆದಿಲ್ಲ.

ನಾನು ಏನು ಮಾಡಿದೆ ಅಂತ ನಿನಗೂ ಹೇಳಿಲ್ಲ. ಮೇಲಿನ ಮನೆಗಳನ್ನು ಬಿಟ್ಟು ನುಡಿಸಿ, ದನಿಯನ್ನು ಮಾತ್ರ ಸರಿಯಾಗಿ ಇಟ್ಟುಕೊಂಡು ಹಾಡಬಹುದಿತ್ತು. ಹಾಗೆ ಹಾಡಿದರೆ ಅಜ್ಜನ ಕಿವಿಗೆ ನಾನು ಇಳಿದಂತೆ ಕೇಳಿಸುತ್ತದೆ, ಅವನು ಟಕ್ ಎನ್ನುತ್ತಾನೆ, ಸಭೆಯೆಲ್ಲಾ ತಿರುಗಿ ಅವನನ್ನು ನೋಡುತ್ತದೆ. ಅದು ಬೇಡವೆನಿಸಿತು. ಅವನು ಏರಿಸಿದಷ್ಟೇ ನಾನೂ ಏರಿಸಿ ಹಾಡಿದೆ. ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಸರಿಯಾದ ಸ್ವರವನ್ನು ಹಿಡಿದು ಕೂತಿತ್ತು, ನಾನು ಬೇಕೆಂದೇ ಅದನ್ನು ಬಿಟ್ಟು ಹೋದೆ. ಕಣ್ಣು ಬಿಟ್ಟುಕೊಂಡು ಬಾವಿಗೆ ಇಳಿದ ಹಾಗಿತ್ತು.

ಸಭಾಂಗಣದ ಕಾರ್ಯದರ್ಶಿ ನಿನ್ನೆ ಕರೆಸಿ ಹೇಳಿದರು. ಒಳ್ಳೆಯವರೇ, ನೋವಾಗದ ಹಾಗೆ ಹೇಳಿದರು. "ದನಿ ಚೆನ್ನಾಗಿದೆಯಮ್ಮ. ಶ್ರುತಿ ಕಡೆ ಇನ್ನೂ ಸ್ವಲ್ಪ ಗಮನ ಕೊಡಿ. ಮುಂದೆ ನೋಡೋಣ." ಮುಂದೆ ನೋಡೋಣ ಅಂದರೆ ಏನು ಅಂತ ನಿನಗೆ ಗೊತ್ತು. ಪಿಟೀಲಿನಕ್ಕ ಮಾತು ಬಿಟ್ಟಿದ್ದಾಳೆ.

ಅದರ ದುಃಖ ಇದೆ, ಇಲ್ಲ ಅನ್ನಲಾರೆ. ಆದರೆ ಅಜ್ಜನ "ಒಂದು ಸ್ವರ ಜಾರಲಿಲ್ಲ ಕಣೇ" ಅನ್ನುವ ಮಾತಿದೆಯಲ್ಲ ಅಮ್ಮ, ಅದನ್ನು ಓದಲಾಗುತ್ತಿಲ್ಲ. ನೀನು ಹೇಳುತ್ತೇನೆ ಅಂದಿದ್ದೆ. ಹೇಳಿದೆಯಾ?

ಪೀಪಿ


ಜೂನ್ ೧೦

ಪೀಪಿಗೆ,

ನಮ್ಮೂರ ಶಾಲೆಯ ಸಂಗೀತದ ಮೇಷ್ಟ್ರು ನಿನ್ನೆ ಅಂಗಡಿಗೆ ಬಂದಿದ್ದರು. ಹೋದ ತಿಂಗಳು ನಾನು ಶ್ರುತಿ ಕೂಡಿಸಿಕೊಟ್ಟ ಪೆಟ್ಟಿಗೆಯನ್ನು ವಾಪಸು ತಂದಿದ್ದರು. ಜೊತೆಗೆ ಅಂಗೈಯಗಲದ ಒಂದು ಯಂತ್ರ. ಸ್ವರ ನುಡಿಸಿದರೆ ಅದರಲ್ಲಿ ಮುಳ್ಳು ಏಳುತ್ತದೆ. ನಡುವೆ ನಿಂತರೆ ಸರಿ, ಬಲಕ್ಕೆ ಹೋದರೆ ಏರಿದೆ, ಎಡಕ್ಕೆ ಹೋದರೆ ಇಳಿದಿದೆ.

ಅವರು ನುಡಿಸುತ್ತಾ ಹೋದರು. ಕೆಳಗಿನ ಮನೆಗಳಲ್ಲಿ ಮುಳ್ಳು ನೆಟ್ಟಗೆ. ಮೇಲೆ ಹೋದ ಹಾಗೆ ಬಲಕ್ಕೆ, ಇನ್ನೂ ಬಲಕ್ಕೆ. "ಯಂತ್ರ ಕೆಟ್ಟಿದೆ" ಎಂದೆ. ಅವರು ತಮ್ಮ ಕೊಳಲು ತೆಗೆದು ಅದೇ ಸ್ವರ ಊದಿದರು. ಮುಳ್ಳು ನಡುವೆ ನಿಂತಿತು. ನನ್ನ ಕಿವಿಗೆ ಕೊಳಲು ಇಳಿದಿತ್ತು. ಅವರು ಕೊಳಲನ್ನು ಚೀಲಕ್ಕೆ ಹಾಕಿಕೊಂಡರು. ಗಡಿಯಾರದವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನೆಲ ಡೊಂಕಾಗಿರಲಿಲ್ಲ.

ಅವರು ಹೋದ ಮೇಲೆ ನಿನ್ನ ಕಛೇರಿ ನೆನಪಾಯಿತು. ನನ್ನ ಪೆಟ್ಟಿಗೆಯ ಜೊತೆ ಒಂದು ಕೂದಲೂ ಬೇರೆಯಾಗದೆ ಹಾಡಿದೆ. ಹಾಗಾದರೆ ನೀನು ತಪ್ಪು ಹಾಡಿದೆ. ಗೊತ್ತಿದ್ದೂ ಹಾಡಿದೆ. ನಿನ್ನಮ್ಮನನ್ನು ಕೇಳಿದೆ, ಅವಳ ಮುಖವೇ ಹೇಳಿತು. ಎಲ್ಲರೂ ಸೇರಿ ನನ್ನ ಕಿವಿಯ ಮೇಲೆ ಹೂ ಇಟ್ಟಿರಿ.

ಕಿವಿ ಹೋಗುವುದು ವಯಸ್ಸಿನ ಕೆಲಸ, ಅದರ ಮೇಲೆ ನನಗೆ ಸಿಟ್ಟಿಲ್ಲ. ಈ ಜಗತ್ತಿನಲ್ಲಿ ನನಗೆ ಟಕ್ ಎನ್ನುವ ಬೆರಳು ಒಂದೇ ಇತ್ತು. ಅದೂ ಸುಮ್ಮನಾಯಿತು. ನೀನು ನನ್ನನ್ನು ಜೊತೆಗಾರ ಎಂದುಕೊಂಡಿದ್ದರೆ ಟಕ್ ಎನ್ನುತ್ತಿದ್ದೆ. ರೋಗಿ ಎಂದುಕೊಂಡೆ, ಅದಕ್ಕೇ ಬೆನ್ನು ಸವರಿದೆ.

ಉತ್ತರ ಬೇಡ.

ಅಜ್ಜ


ಜೂನ್ ೧೬

ಅಜ್ಜ,

ಬೇಡ ಅಂದರೂ ಬರೆಯುತ್ತೇನೆ. ನೀನು ಬರೆದದ್ದೆಲ್ಲಾ ನಿಜ. ಹೆದರಿದೆ, ಅಷ್ಟೇ. ನಿನಗೆ ನೋವಾಗುತ್ತದೆಂದು ಹೆದರಿದೆ ಅನ್ನುತ್ತಿದ್ದೆ, ಈಗ ಯೋಚಿಸಿದರೆ ಹಾಗೂ ಅಲ್ಲ. ನಾನು ಟಕ್ ಅಂದುಬಿಟ್ಟರೆ ನೀನು ಮುದುಕನಾಗಿಬಿಡುತ್ತೀಯ ಅಂತ ಹೆದರಿದೆ.

ಬೈಯಿ. ಪುಟಗಟ್ಟಲೆ ಬೈಯಿ. ಬರೆಯದೆ ಮಾತ್ರ ಇರಬೇಡ.

ಪೀಪಿ


ಜುಲೈ ೮

ಮಗಳೇ,

ನೀನು ಹಾಕಿದ ಕಾಗದಗಳೆಲ್ಲಾ ಅವರ ದಿಂಬಿನ ಕೆಳಗಿವೆ. ಒಡೆದು ಓದಿದ್ದಾರೆ. ಉತ್ತರ ಮಾತ್ರ ಕೇಳಬೇಡ. ಅವರಿಗೆ ಮೊದಲು ಹೇಳಬೇಕಾಗಿದ್ದವಳು ನಾನು, ನಿನ್ನ ಬಾಯಿ ಮುಚ್ಚಿಸಿದ್ದೂ ನಾನೇ. ಆದರೆ ಸಿಟ್ಟು ನಿನ್ನ ಮೇಲೆ. ಯಾಕೆಂದರೆ ನನ್ನಿಂದ ಅವರು ಏನನ್ನೂ ನಿರೀಕ್ಷಿಸಿರಲಿಲ್ಲ. ಇದನ್ನು ಬರೆಯುವಾಗ ನನಗೂ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿದೆ.

ಡಾಕ್ಟರ ಹತ್ತಿರ ತಾವಾಗಿಯೇ ಬಂದರು. ಒಂದು ಕಿವಿ ಹೆಚ್ಚುಕಡಿಮೆ ಹೋಗಿದೆ, ಇನ್ನೊಂದು ಅದರ ಹಿಂದೆಯೇ ಹೊರಟಿದೆಯಂತೆ. ಕಿವಿಗೆ ಇಡುವ ಯಂತ್ರ ಕೊಟ್ಟರು. ಅದರಲ್ಲಿ ಮಾತು ಕೇಳಿಸುತ್ತದೆ, ಸ್ವರ ಕಾಗೆಯಾಗುತ್ತದೆ ಎಂದು ತೆಗೆದು ಡಬ್ಬಿಗೆ ಹಾಕಿದ್ದಾರೆ.

ಈಗ ಇನ್ನೊಂದು ಹುಚ್ಚು ಹಿಡಿದಿದೆ. ಕಳೆದೊಂದು ವರ್ಷದಲ್ಲಿ ಶ್ರುತಿ ಕೂಡಿಸಿಕೊಟ್ಟವರ ಮನೆಗಳಿಗೆಲ್ಲಾ ಕಾಲ್ನಡಿಗೆಯಲ್ಲಿ ಹೋಗಿ, "ನಾನು ಕೆಡಿಸಿದೀನಿ, ವಾಪಸ್ ಕೊಡಿ" ಎಂದು ಕೇಳುತ್ತಿದ್ದಾರೆ. ಕೆಲವರಿಗೆ ಏನೂ ಗೊತ್ತೇ ಆಗಿಲ್ಲ. "ಚೆನ್ನಾಗೇ ಇದೆಯಲ್ಲಾ ತಾತಾ" ಎಂದರೆ ಅವರ ಮೇಲೂ ರೇಗುತ್ತಾರೆ. ಅಂಗಡಿಯಲ್ಲಿ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ, ಕಾಲಿಡಲು ಜಾಗವಿಲ್ಲ. ತಿದ್ದಲು ಕೂತವರು ಅರ ಹಿಡಿದು ಹಾಗೇ ಕೂತಿರುತ್ತಾರೆ. ಮೇಷ್ಟ್ರು ಆ ಮುಳ್ಳಿನ ಯಂತ್ರವನ್ನು ಬಿಟ್ಟುಹೋಗಿದ್ದಾರೆ, ಅದನ್ನು ಮುಟ್ಟುವುದಿಲ್ಲ.

ಅಮ್ಮ


ಜುಲೈ ೨೦

ಪೀಪಿ,

ಶಾಲೆಗೆ ಸ್ವಲ್ಪ ದಿನ ರಜೆ ಹಾಕು. ಕಿವಿ ತೆಗೆದುಕೊಂಡು ಬಾ. ನಿನ್ನ ಪೆಟ್ಟಿಗೆಯನ್ನೂ ತಾ.

ಇದು ರಾಜಿ ಅಲ್ಲ, ಕೆಲಸ.

ಅಜ್ಜ


ಸೆಪ್ಟೆಂಬರ್ ೩

ಪೀಪಿಗೆ,

ಮೊಟಕು ಈ ಸಲ ಬೇಡ, ಬರೀ ಆಶೀರ್ವಾದ.

ನೀನು ಹೋದ ಮೇಲೆ ಅಂಗಡಿ ಭಣಗುಡುತ್ತಿದೆ. ಪೆಟ್ಟಿಗೆಗಳೆಲ್ಲಾ ಅವರವರ ಮನೆ ಸೇರಿದವು. ಗಡಿಯಾರದವನು ಬಂದು ಖಾಲಿ ನೆಲ ನೋಡಿ ಜೋರಾಗಿ, "ಇನ್ನಾದ್ರೂ ಚದುರಂಗ ಆಡೋಣ್ವಾ?" ಎಂದ. ಈಗೀಗ ಅವನು ನನ್ನ ಹತ್ತಿರ ಕೂಗಿಯೇ ಮಾತಾಡುತ್ತಾನೆ. ಬೀದಿಯವರೆಲ್ಲಾ ಜಗಳ ಎಂದುಕೊಂಡಿದ್ದಾರೆ.

ರಜೆಯಲ್ಲಿ ಆದ ಕೆಲಸ ಒಳ್ಳೆಯ ಕೆಲಸ. ನೀನು "ಏರಿದೆ" ಎನ್ನುವುದು, ನಾನು ಬುಡಕ್ಕೆ ಅರ ಆಡಿಸುವುದು. "ಇನ್ನೂ", "ಇನ್ನೂ", "ಸಾಕು". ಎರಡು ತಲೆ, ಒಂದು ಕಿವಿ, ಎರಡು ಕೈ. ನಿನ್ನ ಕಿವಿ ನನ್ನದಕ್ಕಿಂತ ಚೆನ್ನಾಗಿದೆ. ನನ್ನದು ಚೆನ್ನಾಗಿದ್ದಾಗಲೂ ಇಷ್ಟು ಚೆನ್ನಾಗಿರಲಿಲ್ಲ. ಇದನ್ನು ಹೇಳಬೇಕೆಂದಿದ್ದೆ, ನೀನು ಎದುರಿಗಿದ್ದಾಗ ಬಾಯಿ ಬರಲಿಲ್ಲ.

ನಿನ್ನ ಪೆಟ್ಟಿಗೆಯನ್ನು ಮಾತ್ರ ನಾನು ಯಾಕೆ ಮುಟ್ಟಲಿಲ್ಲ ಎಂದು ನೀನು ಹೊರಡುವಾಗಲೂ ಕೇಳಿದೆ. "ಅದು ಕೊನೆಗೆ" ಎಂದೆ ನಾನು. ನೀನು ನನಗೆ ಸುಸ್ತಾಗಿದೆ ಎಂದುಕೊಂಡೆ. ಇರಲಿ. ಬಟ್ಟೆ ಮುಚ್ಚಿ ಇಟ್ಟಿದ್ದೇನೆ. ಧೂಳು ಕೂರುವುದಿಲ್ಲ.

ಮೆಟ್ಟಿಲು ಹತ್ತುವಾಗ ಈಗ ನಡುವೆ ಒಂದು ಕಡೆ ನಿಲ್ಲಬೇಕಾಗುತ್ತದೆ. ಆ ಸ್ವರ ಯಾವುದು ಅಂತ ನಿನಗೆ ಗೊತ್ತು.

ನಿನ್ನ ಅಜ್ಜ


ನವೆಂಬರ್ ೬

ಮಗಳೇ,

ಫೋನಿನಲ್ಲಿ ಅರ್ಧ ಹೇಳಿ ಇಟ್ಟುಬಿಟ್ಟೆ, ಉಳಿದರ್ಧ ಇದು. ಅಪ್ಪ ಮೆಟ್ಟಿಲ ಮೇಲೆ ಬಿದ್ದರು. ಮೂಳೆ ಮುರಿದಿಲ್ಲ. ಆದರೆ ಎದೆಯಲ್ಲಿ ನೀರು ತುಂಬಿಕೊಂಡಿದೆ, ಹೃದಯ ಸೋತಿದೆ ಎನ್ನುತ್ತಾರೆ ಡಾಕ್ಟರು. ಮನೆಗೆ ಕರೆದುಕೊಂಡು ಹೋಗಿ ಎಂದರು. ಯಾಕೆ ಹಾಗೆ ಹೇಳುತ್ತಾರೆ ಅಂತ ಬಿಡಿಸಿ ಬರೆಯುವುದಿಲ್ಲ.

ಉಳಿದಿದ್ದ ಕಿವಿಯೂ ಹೋಗಿದೆ. ಈಗ ಏನೂ ಕೇಳಿಸುವುದಿಲ್ಲ. ಹಲಗೆಯ ಮೇಲೆ ಬರೆದು ತೋರಿಸಬೇಕು. ನಿನ್ನೆ ನಾನು "ಏನು ಬೇಕು ಅಪ್ಪಾ" ಎಂದು ಬರೆದೆ. ಸೀಮೆಸುಣ್ಣ ತೆಗೆದುಕೊಂಡು "ಅವಳ ಪೆಟ್ಟಿಗೆ ಮೇಲೆ ತಂದಿಡು" ಎಂದು ಬರೆದರು. ಗಡಿಯಾರದವರೂ ನಾನೂ ಹೊತ್ತು ತಂದು ಹಾಸಿಗೆಯ ಪಕ್ಕಕ್ಕೆ ಇಟ್ಟೆವು. ಕೇಳಿಸದವರಿಗೆ ಇದೆಂಥದ್ದು ಅಂತ ನನಗನ್ನಿಸಿತು. ಆದರೆ ಅಂಗೈಯನ್ನು ಅದರ ಮೇಲಿಟ್ಟುಕೊಂಡು ಮಲಗುತ್ತಾರೆ.

ಬಂದುಬಿಡು.

ಅಮ್ಮ


ಡಿಸೆಂಬರ್ ೧೪

ಮಗಳೇ,

ನೀನು ಕೆಲಸಕ್ಕೆ ಮರಳಿದ್ದು ಒಳ್ಳೆಯದಾಯಿತು. ನಾನೂ ಕೌಂಟರಿಗೆ ಹೋಗುತ್ತಿದ್ದೇನೆ. ಜನ ಊರಿನ ಹೆಸರು ಹೇಳುತ್ತಾರೆ, ಟಿಕೆಟ್ ಹರಿದು ಕೊಡುತ್ತೇನೆ. ಸಂಜೆ ಮೆಟ್ಟಿಲು ಹತ್ತುವಾಗ ಮಾತ್ರ, ಮೇಲೆ ಯಾರೂ ಕೆಮ್ಮುವುದಿಲ್ಲ.

ನಿನ್ನೆ ಅಪ್ಪನ ಹಾಸಿಗೆ ತೆಗೆದೆ. ಚಾದರ ಝಾಡಿಸಲು ಹೋದರೆ ಕಿಟಕಿಯ ಬಿಸಿಲಿಗೆ ಏನೋ ಮಿನುಗಿತು. ಕೈಯಾಡಿಸಿ ನೋಡಿದರೆ ಹಿತ್ತಾಳೆಯ ಪುಡಿ. ಮಡಿಕೆಗಳಲ್ಲೆಲ್ಲಾ ಕೂತಿದೆ. ಬಿದ್ದ ಮೇಲೆ ಅಪ್ಪ ಅಂಗಡಿಗೆ ಇಳಿದೇ ಇರಲಿಲ್ಲವಲ್ಲ, ಇದು ಎಲ್ಲಿಂದ ಬಂತು?

ಆಗ ನೆನಪಾಯಿತು. ಅವರು ಹೋಗುವ ಹಿಂದಿನ ದಿನ ನಾನು ಕೆಲಸದಿಂದ ಬಂದಾಗ ಇಬ್ಬರೂ ನಗುತ್ತಿದ್ದಿರಿ. ಅಪ್ಪ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅಮ್ಮ ಇದ್ದ ಕಾಲದಲ್ಲಿ ಕೇಳಿದ್ದು. ನಿನ್ನ ಮುಖ ಅತ್ತು ಊದಿಕೊಂಡಿತ್ತು. ಏನು ಅಂತ ಕೇಳಿದೆ, "ಆಮೇಲೆ ಹೇಳ್ತೀನಮ್ಮ" ಎಂದೆ. ಆಮೇಲೆ ಏನೇನೋ ಆಗಿಹೋಯಿತು.

ನಿಮ್ಮಿಬ್ಬರ ನಡುವಿನದು ನನಗೆ ಯಾವತ್ತೂ ಅರ್ಥವಾಗಿಲ್ಲ. ಈಗಲಾದರೂ ಹೇಳುತ್ತೀಯಾ? ಚಾದರವನ್ನು ಒಗೆಯದೆ ಇಟ್ಟಿದ್ದೇನೆ. ಪೆಟ್ಟಿಗೆಯನ್ನೂ ಹಾಗೇ ಇಟ್ಟಿದ್ದೇನೆ. ಮೇಷ್ಟ್ರು ಸರಿಮಾಡಿಸಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಡಲಾ?

ಅಮ್ಮ


ಡಿಸೆಂಬರ್ ೨೦

ಅಮ್ಮ,

ಕೊಡಬೇಡ. ಯಾಕೆ ಅಂತ ಹೇಳುತ್ತೇನೆ.

ಅವತ್ತು ಮಧ್ಯಾಹ್ನ ಅಜ್ಜ ಪೆಟ್ಟಿಗೆಯನ್ನು ತೋರಿಸಿ, ಬೆರಳುಗಳಿಂದ ಮೆಟ್ಟಿಲು ಹತ್ತುವ ಹಾಗೆ ಮಾಡಿದ. ಮೆಟ್ಟಿಲ ಹಾಡು ಹಾಡು ಅಂತ. ಕೇಳಿಸದವನ ಎದುರು ಹೇಗೆ ಹಾಡಲಿ? ಹಾಸಿಗೆಯ ಮೇಲೇ ಪೆಟ್ಟಿಗೆ ಇಟ್ಟುಕೊಂಡೆ. ಅವನ ಅಂಗೈಯನ್ನು ಮರಕ್ಕೆ ಒತ್ತಿಟ್ಟು ಶುರುಮಾಡಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

ಮೇಲಿನ ಮೆಟ್ಟಿಲು ಬಂತು. ಆ ಮನೆ ಒತ್ತಿದೆ. ಹಾಗೇ ಇತ್ತು, ಕಛೇರಿಯ ದಿನದ ಹಾಗೇ, ಏರಿಕೊಂಡು. ಅಜ್ಜನ ಕಣ್ಣು ರೆಪ್ಪೆ ಬಡಿಯಲಿಲ್ಲ. ಆಗ ಗೊತ್ತಾಯಿತು ಅಮ್ಮ, "ಅದು ಕೊನೆಗೆ" ಅಂದರೆ ಏನು ಅಂತ. ರಜೆಯಲ್ಲಿ ಬೇರೆಯವರ ಪೆಟ್ಟಿಗೆಗಳನ್ನೆಲ್ಲಾ "ಏರಿದೆ, ಏರಿದೆ" ಎಂದು ಹೇಳಿದೆ. ನನ್ನದನ್ನು ಯಾಕೆ ಮುಟ್ಟಲಿಲ್ಲ ಅಂತ ಕೇಳಿದೆ, ಏರಿದೆ ಅಂತ ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ. ನಾನಾಗಿ ಹೇಳುವವರೆಗೆ ಅವನು ಕಾದ.

ಮರದ ಮೇಲಿದ್ದ ಅವನ ಕೈಯ ಹಿಂಭಾಗಕ್ಕೆ ಗೆಣ್ಣಿನಿಂದ ಒಂದು ಟಕ್ ಕೊಟ್ಟೆ.

ನಾನು ಅಳುತ್ತಿದ್ದೆ. ಅವನು ಅಳಲಿಲ್ಲ. "ಅಬ್ಬಾ" ಎಂದ, ಬಾಯಿ ಬಿಟ್ಟು. ದಿಂಬಿನ ಕೆಳಗೆ ಕೈ ಹಾಕಿ ಅರ ತೆಗೆದ. ನನ್ನ ಕಾಗದಗಳ ಜೊತೆ ಅದನ್ನೂ ಅಲ್ಲೇ ಇಟ್ಟುಕೊಂಡಿದ್ದ. ಅದನ್ನು ನನ್ನ ಕೈಗೆ ಕೊಟ್ಟು, ನನ್ನ ಮಣಿಕಟ್ಟನ್ನು ತಾನು ಹಿಡಿದ. ಮುಚ್ಚಳ ತೆಗೆದು, ಆ ರೀಡಿನ ಕೆಳಗೆ ತೆಳು ತಗಡು ಕೊಟ್ಟು, ಬುಡದ ಹತ್ತಿರ ಉಜ್ಜಿದೆವು. ಅವನ ಕೈಯಲ್ಲಿ ಬಲವಿರಲಿಲ್ಲ, ಆದರೆ ಎಲ್ಲಿ ನಿಲ್ಲಿಸಬೇಕೆಂದು ಆ ಕೈಗೆ ಗೊತ್ತಿತ್ತು. ನಿಂತಿತು. ನುಡಿಸಿದೆ. ಹುಬ್ಬು ಎತ್ತಿ, ಸರಿಯಾಯಿತಾ ಎಂದು ಕೇಳಿದ.

ಸರಿಯಾಗಿರಲಿಲ್ಲ ಅಮ್ಮ. ಇನ್ನೂ ಒಂದು ಕೂದಲಷ್ಟು ಏರಿತ್ತು. ಉಸಿರಿಗೆ ಏದುತ್ತಿದ್ದ ಮುದುಕ, ಒಂದು ಚೂರೂ ಕೇಳಿಸದು, ಕಣ್ಣಲ್ಲಿ ಅಷ್ಟು ಆಸೆ. ಹೂಂ ಎಂದು ತಲೆಯಾಡಿಸಿಬಿಡಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು?

ಇನ್ನೊಂದು ಟಕ್ ಕೊಟ್ಟೆ.

ಆಗ ಅವನು ನಕ್ಕದ್ದು. ತನ್ನ ನಗು ತನಗೇ ಕೇಳಿಸದವರು ನಗುತ್ತಾರಲ್ಲ, ಮನೆ ಹಾರಿಹೋಗುವ ಹಾಗೆ. ನಗುತ್ತಲೇ ಇನ್ನೊಂದು ಸಲ ಉಜ್ಜಿದೆವು, ಸ್ವರ ಕೂತಿತು. ನೀನು ಬಂದದ್ದು ಆಗ. ಕೆಮ್ಮು ಬಂತು, ನೀನು ನೀರು ಕುಡಿಸಿದೆ. ಆ ಒಂದೇ ಮನೆ ಮುಗಿದದ್ದು. ಉಳಿದವು ಇನ್ನೂ ಏರಿಯೇ ಇವೆ. ರಜೆಗೆ ಬಂದಾಗ ನಾನೇ ಕೂತು ತಿದ್ದುತ್ತೇನೆ. ಅದಕ್ಕೇ ಮೇಷ್ಟ್ರಿಗೆ ಕೊಡಬೇಡ ಅಂದದ್ದು. ನೀನು ಪಕ್ಕದಲ್ಲಿ ಕೂತುಕೋ. ಅರ್ಥವಾಗದಿದ್ದರೂ ಪರವಾಗಿಲ್ಲ, ತಗಡು ಹಿಡಿದುಕೊಳ್ಳಲು ಒಂದು ಕೈ ಬೇಕು.

ಚಾದರ ಒಗೆದುಬಿಡಮ್ಮ. ನನಗೂ ಮೊದಲು ಬೇಡ ಅನ್ನಿಸಿತು. ಆದರೆ ನೀನು ಆ ಚಾದರ ಹಿಡಿದು ನಿಂತದ್ದನ್ನು ಅಜ್ಜ ನೋಡಿದ್ದರೆ ಏನನ್ನುತ್ತಿದ್ದ ಅಂತ ಇಲ್ಲಿ ಕೂತೇ ಕೇಳಿಸುತ್ತಿದೆ. "ಪುಡಿ ಇಟ್ಕೊಂಡು ಏನ್ಮಾಡ್ತೀರೇ? ಅದು ಹೆಚ್ಚಾಗಿದ್ದು. ಸ್ವರ ಪೆಟ್ಟಿಗೇಲಿದೆ."

ನಿನ್ನ ಪೀಪಿ